ಶುಕ್ರವಾರದ ಒದ್ದೆ ತುರುಬು

“ಕತ್ತರಿ, ಬಾಚಣಿಗೆ ತಗೊಂಡು ಬನ್ನಿ. ಮಿಕ್ಕಿದ್ದು ಇಲ್ಲೇ ಹೇಳ್ತೀವಿ” ಎಂದಷ್ಟೇ ಫೋನಿನಲ್ಲಿ ಹೇಳಿದ್ದರು.

ರಾಮನಗರದಲ್ಲಿ ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ನನ್ನದೊಂದು ಸಣ್ಣ ಲೇಡೀಸ್ ಪಾರ್ಲರ್ ಇದೆ. ಫೋನ್ ಬಂದದ್ದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಿಂದ. ಚಕ್ಕುಲಿ, ಕೋಡುಬಳೆ, ಮಿಕ್ಸ್ಚರ್ ಕರಿದು ಪ್ಯಾಕ್ ಮಾಡುವ ಜಾಗ ಅದು. ಕೈಲಾಂಚದ ಕಡೆಯ ಹಳ್ಳಿಗಳಿಂದ ಅಲ್ಲಿಗೆ ಮೊದಲ ಶಿಫ್ಟಿಗೆ ಹೋಗುವ ಹೆಂಗಸರನ್ನು ಕರೆದೊಯ್ಯುವ ಮಿನಿ ಬಸ್ಸು ನನ್ನ ಗಂಡನದು. ಅದರಿಂದಲೇ ಅವರಿಗೆ ನನ್ನ ನಂಬರ್ ಸಿಕ್ಕಿತ್ತು. ಯಾರೋ ಆಫೀಸರ ಮನೆಯ ಮದುವೆ ಅಲಂಕಾರವಿರಬೇಕು ಅಂದುಕೊಂಡು ಹೋದೆ.

ಕ್ಯಾಂಟೀನಿನ ಬೆಂಚುಗಳ ಮೇಲೆ ಪ್ಯಾಕಿಂಗ್ ಲೈನಿನ ಹೆಂಗಸರೆಲ್ಲ ಟೋಪಿ ತೆಗೆದು ಸಾಲಾಗಿ ಕೂತಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ. ಕೆಲಸಗಾರರ ಉಸ್ತುವಾರಿಯ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದರು. ಪ್ಯಾಕೆಟ್ಟುಗಳಲ್ಲಿ ಕೂದಲು ಸಿಗುತ್ತಿವೆ. ದೊಡ್ಡ ಅಂಗಡಿಯವರೊಬ್ಬರು ಲೋಡ್ ಪೂರ್ತಿ ವಾಪಸ್ ಕಳಿಸಿದ್ದಾರೆ. ಇನ್ನೊಂದು ಸಲ ಹೀಗಾದರೆ ಆರ್ಡರೇ ಇಲ್ಲ.

“ಎಲ್ಲರದ್ದೂ ಕಿವಿ ಮಟ್ಟಕ್ಕೆ ಕಟ್ ಮಾಡಿ. ಬೇಡ ಅನ್ನೋರು ನಾಳೆಯಿಂದ ಬರೋದು ಬೇಡ ಅಂತ ಹೇಳಿದೀವಿ.”

ಬೆಂಚಿನ ತುದಿಯಲ್ಲಿ ಕೂತಿದ್ದ ಹಿರಿಯ ಹೆಂಗಸು, ಲೈನಿನವರೆಲ್ಲ ದೊಡ್ಡಕ್ಕ ಎಂದು ಕರೆಯುವವಳು, ಅರ್ಧ ನರೆತ ಜಡೆಯನ್ನು ಮುಂದಕ್ಕೆ ಎಳೆದು ಮಡಿಲಲ್ಲಿ ಹಿಡಿದುಕೊಂಡಿದ್ದಳು. “ದೇವ್ರಿಗೆ ಮುಡಿ ಕೊಟ್ರೆ ಹರಕೆಗಾದ್ರೂ ಸಲ್ತದೆ. ಇಲ್ಲಿ ಕೊಟ್ರೆ ಯಾರ್ಗವ್ವ ಸಲ್ಲೋದು?” ಎಂದು ನನ್ನನ್ನೇ ಕೇಳಿದಳು.

ಮೊದಲನೆಯವಳ ಹಿಂದೆ ನಿಂತು ಜಡೆ ಬಿಚ್ಚಿದೆ. ಹಣೆಯ ಅಂಚಿನಲ್ಲಿ, ಕತ್ತಿನ ಹಿಂದೆ ಕೂದಲು ಗರಿಗರಿಯಾಗಿ ತುಂಡಾಗಿ ಎದ್ದು ನಿಂತಿತ್ತು. ಎರಡನೆಯವಳದೂ ಹಾಗೇ. ಮೂರನೆಯವಳ ತಲೆಯಲ್ಲಿ ಬೆರಳಾಡಿಸಿದರೆ ತುಂಡುಗಳು ನನ್ನ ಅಂಗೈಗೇ ಅಂಟಿಕೊಂಡವು. ಎಲ್ಲರಿಗೂ ಒಂದೇ ಜಾಗದಲ್ಲಿ ಮುರಿಯುತ್ತಿದೆ ಎಂದರೆ ಕಾರಣವೂ ಒಂದೇ ಇರಬೇಕು. ಮೇಡಂಗೆ ಹಾಗೇ ಹೇಳಿದೆ. ಕೂದಲು ಮೋಟಾದರೆ ಉದುರುವುದು ನಿಲ್ಲುವುದಿಲ್ಲ, ಮೋಟು ಕೂದಲು ಉದುರುತ್ತದೆ ಅಷ್ಟೆ. ಮುರಿಯುವುದನ್ನೇ ನಿಲ್ಲಿಸಬೇಕು, ನನಗೆ ಒಂದಿಷ್ಟು ಸಮಯ ಕೊಡಿ.

ಅವರು ಯೋಚಿಸಿ, “ಹಬ್ಬದ ಆರ್ಡರ್ ಹೊರಡೋವರೆಗೆ ಟೈಮ್. ಅದರಲ್ಲಿ ಕೂದಲು ಸಿಕ್ತು ಅಂದ್ರೆ ನೀವೇ ಬಂದು ಕಟ್ ಮಾಡಬೇಕು. ಒಪ್ಕೊಂಡು ಹೋಗಿ” ಎಂದರು.

ಒಪ್ಪಿಕೊಂಡೆ. ಗೇಟು ದಾಟುವಷ್ಟರಲ್ಲಿ ನಾನೇನು ಒಪ್ಪಿದ್ದೇನೆಂದು ಅರಿವಾಯಿತು. ನಾನು ಸೋತರೆ ಕತ್ತರಿಸುವ ಕೈಯೂ ನನ್ನದೇ. ಬೇಡವೆಂದು ಈಗ ಹಿಂದೆ ಸರಿದರೆ, ಬೇರೆ ಯಾರನ್ನಾದರೂ ಕರೆಸಿ ಆ ಸಂಜೆಯೇ ಮುಗಿಸುತ್ತಾರೆ.

ಮನೆಯಲ್ಲಿ ಗಂಡ ಊಟ ಬಿಟ್ಟು ಎದ್ದ. “ನಮ್ ಗಾಡಿ ಓಡ್ತಾ ಇರೋದು ಅವ್ರ ಕಾಂಟ್ರಾಕ್ಟ್‌ನಾಗೆ. ನೆಪ್ಪೈತಾ ನಿಂಗೆ? ಹೇಳಿದ್ ಕೆಲ್ಸ ಮಾಡಿ ಬರೋದ್ ಬುಟ್ಟು ಅವ್ರಿಗೇ ಬುದ್ಧಿ ಹೇಳಿ ಬಂದವ್ಳೆ.”

ಮಾರನೆಯ ದಿನದಿಂದ ಶಿಫ್ಟು ಮುಗಿದ ಮೇಲೆ ಹೆಂಗಸರನ್ನು ಒಬ್ಬೊಬ್ಬರಾಗಿ ನೋಡತೊಡಗಿದೆ. ಕೂದಲು ಬೀಳುವುದು ಎರಡು ಬಗೆ. ಬುಡದಿಂದ ಕಳಚಿಬಿದ್ದ ಕೂದಲಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಬಿಳಿ ಗಂಟಿರುತ್ತದೆ. ಅದು ಆಯುಸ್ಸು ಮುಗಿಸಿ ಬಿದ್ದದ್ದು. ಎಲ್ಲರಿಗೂ ದಿನವೂ ಒಂದಿಷ್ಟು ಬೀಳುತ್ತದೆ. ಗಂಟಿಲ್ಲದೆ ಬರೀ ತುಂಡಾಗಿದ್ದರೆ ಅದು ಮುರಿದದ್ದು. ಬಿಳಿ ಕಾಗದದ ಮೇಲೆ ಎರಡನ್ನೂ ಇಟ್ಟು ಮೇಡಂಗೂ ತೋರಿಸಿದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ಆಸಕ್ತಿಯಿಂದ ನೋಡಿದರು. ಇಲ್ಲಿ ಬಿದ್ದವುಗಳಲ್ಲಿ ಹೆಚ್ಚಿನವು ಮುರಿದ ತುಂಡುಗಳೇ ಆಗಿದ್ದವು. ತಲೆಗೆ ಮೊದಲು ಬಲೆ, ಅದರ ಮೇಲೆ ಬಿಗಿ ಎಲಾಸ್ಟಿಕ್ಕಿನ ಬಟ್ಟೆ ಟೋಪಿ. ಜಡೆಗೆ ಕಟ್ಟುತ್ತಿದ್ದದ್ದು ಪ್ಯಾಕೆಟ್ಟಿನ ಕಟ್ಟಿಗೆ ಹಾಕುವ ತೆಳ್ಳನೆಯ ರಬ್ಬರ್ ಬ್ಯಾಂಡ್.

ಒಬ್ಬಳದು ಮಾತ್ರ ಬೇರೆ ಥರ ಇತ್ತು. ಹೆರಿಗೆಯಾಗಿ ಕೆಲವೇ ತಿಂಗಳಿಗೆ ಕೆಲಸಕ್ಕೆ ಮರಳಿದ್ದ ಹುಡುಗಿ. ಬೆರಳಾಡಿಸಿದರೆ ಕೂದಲು ಎಳೆಎಳೆಯಾಗಿ ಬಂತು, ಎಲ್ಲಕ್ಕೂ ಬುಡದಲ್ಲಿ ಬಿಳಿ ಗಂಟು.

“ಬಾಣಂತಿಯರಿಗೆ ಹಿಂಗಾಗ್ತದೆ. ಒಳಗೇ ನಿಧಾನಕ್ಕೆ ಸರಿಹೋಗ್ತದೆ. ನಾನು ಏನು ಹಚ್ಚಿದ್ರೂ ಇದು ನಿಲ್ಲಲ್ಲ” ಎಂದು ನಿಜವನ್ನೇ ಹೇಳಿದೆ. ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲು, ಕೊಟ್ಟ ಮಾತ್ರೆ ತಪ್ಪಿಸದಿರಲು ಹೇಳಿದೆ.

“ನಿಲ್ಲೋಗಂಟ ಏನ್ ಮಾಡ್ಲಿ ಅಕ್ಕ?” ಎಂದಳು. ಬಿದ್ದ ಎಳೆಗಳನ್ನು ಕಾಗದದಲ್ಲಿ ಸುತ್ತಿಟ್ಟೆ.

ಮೊದಲ ಪ್ರಯತ್ನ ಕೆಟ್ಟಿತು. ಒಣಗಿದ ಕೂದಲು ಬೇಗ ಮುರಿಯುತ್ತದೆಂದು ಬೆಳಿಗ್ಗೆ ತುದಿಗಳಿಗೆ ಒಸಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರಲು ಹೇಳಿದ್ದೆ. ‘ಒಸಿ’ ಎಂದದ್ದನ್ನು ಯಾರು ಕೇಳುತ್ತಾರೆ? ಮಾಮೂಲಿನಂತೆ ನೆತ್ತಿಯಿಂದ ಸುರಿದುಕೊಂಡು ಬಂದರು. ಕರಿಯುವ ಕೋಣೆಯ ಪಕ್ಕದ ಸೆಕೆಗೆ ಎಣ್ಣೆ ಇಳಿದು ಟೋಪಿಗಳು ಜಾರಿದವು. ಟೋಪಿ ಸರಿಮಾಡಿಕೊಳ್ಳಲು ಕೈ ತಲೆಗೆ ಹೋಗತೊಡಗಿತು. ಆ ವಾರ ಕೂದಲು ಕಡಿಮೆಯಾಗುವ ಬದಲು ಹೆಚ್ಚಾಯಿತು. ಮೇಡಂ ಫೋನ್ ಮಾಡಿ, “ಏನ್ ಮಾಡ್ತಿದೀರಾ ನೀವು?” ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಇಟ್ಟರು.

ಎಣ್ಣೆ ನಿಲ್ಲಿಸಿದೆ. ರಬ್ಬರ್ ಬ್ಯಾಂಡಿನ ಬದಲು ಹಳೆಯ ಪಂಚೆಯ ಮೆತ್ತನೆಯ ಪಟ್ಟಿ ಹರಿದು ಕೊಟ್ಟೆ. ಬಿಗಿ ತುರುಬಿನ ಬದಲು ಸಡಿಲ ಜಡೆ, ಅದನ್ನು ಸುತ್ತಿ ಬಲೆಯೊಳಗೆ ಕೂರಿಸುವುದನ್ನು ಕಲಿಸಿದೆ. ಟೋಪಿಯ ಎಲಾಸ್ಟಿಕ್ ಕೂದಲಿಗೆ ತಾಗದಂತೆ ಒಳಗೆ ಹತ್ತಿ ಬಟ್ಟೆಯ ಅಂಚು ಹೊಲಿಸಿದೆ. ಸ್ವಲ್ಪ ಇಳಿಯಿತು, ಆದರೆ ಸಾಲಲಿಲ್ಲ. ಅದರಲ್ಲೂ ವಾರದ ಕೊನೆಗೆ ತುಂಡುಗಳು ಏಕೆ ಹೆಚ್ಚುತ್ತವೆ ಎಂಬುದು ಹೊಳೆಯಲಿಲ್ಲ. ಅವರ ಬದುಕು ನನಗೆ ಕಾಣುತ್ತಿದ್ದದ್ದು ಶಿಫ್ಟ್ ಮುಗಿದ ಮೇಲೆ ಮಾತ್ರ. ಹೇಗೆ ಬರುತ್ತಾರೆಂದು ನೋಡೋಣವೆಂದು ಒಂದು ಶುಕ್ರವಾರ ನಸುಕಿನಲ್ಲಿ ಗಂಡನ ಜೊತೆ ನಾನೂ ಬಸ್ಸು ಹತ್ತಿದೆ.

ಊರೂರಿನಲ್ಲಿ ಹೆಂಗಸರು ಹತ್ತಿದಂತೆ ಬಸ್ಸಿನ ತುಂಬ ಸೀಗೆಕಾಯಿ, ಶಾಂಪೂ ವಾಸನೆ ಸೇರಿಕೊಂಡಿತು. ನಸುಕಿನ ಶೀತಗಾಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ದೊಡ್ಡಕ್ಕನ ತುರುಬನ್ನು ಮುಟ್ಟಿ ನೋಡಿದೆ. ಹಿಂಡದೆ ಬಿಟ್ಟ ಬಟ್ಟೆಯ ಹಾಗೆ ತಣ್ಣಗಿತ್ತು.

“ಒದ್ದೆ ತಲೇನೇ ಕಟ್ಕೊಂಡು ಬಂದಿದೀಯಲ್ಲ ದೊಡ್ಡಕ್ಕ?”

“ಮತ್ತೆ? ಶುಕ್ರವಾರ ತಲೆಗ್ ನೀರ್ ಹಾಕ್ಕಳ್ದೆ ದೇವ್ರ ಮುಂದೆ ದೀಪ ಎಂಗವ್ವ ಹಚ್ಚಾದು? ಒಣಗ್ಸಕ್ಕೆ ಒತ್ತೆಲ್ಲೈತೆ? ಗಾಡಿ ಬಂದ್ಬುಡ್ತದೆ.”

ರಾಮನಗರದಲ್ಲೇ ಹತ್ತಿದ್ದ ರೇಷ್ಮೆ ನೂಲು ತೆಗೆಯುವ ಮುಸ್ಲಿಂ ಮನೆತನದ ಹುಡುಗಿ ನಕ್ಕಳು. “ನಮ್ದೂ ಜುಮ್ಮಾ ಅಲ್ವಾ ಅಕ್ಕ. ನಾನೂ ತಲೆಗೇ ಹಾಕ್ಕೊಂಡ್ ಬಂದಿದೀನಿ.”

ಒದ್ದೆ ಕೂದಲು ಎಳೆದರೆ ರಬ್ಬರಿನಂತೆ ಹಿಗ್ಗಿ ಮುರಿಯುತ್ತದೆ. ಇವರು ಅದನ್ನು ಟವೆಲಿನಿಂದ ಬಡಿದು, ಒತ್ತು ಹಲ್ಲಿನ ಸೀರಣಿಗೆಯಿಂದ ಎಳೆದು, ಬಿಗಿದು ಕಟ್ಟಿ ಎರಡು ಪದರದ ಟೋಪಿಯೊಳಗೆ ಮುಚ್ಚಿಡುತ್ತಿದ್ದರು. ಇಡೀ ಶಿಫ್ಟು ಅದು ಒಳಗೇ ಬೆವರಿನ ಜೊತೆ ಕುದಿಯುತ್ತಿತ್ತು. ಬೋರ್‌ವೆಲ್ಲಿನ ಗಡಸು ನೀರು ಬೇರೆ. ಕಾರಣ ಕೈಗೆ ಸಿಕ್ಕಿತು ಎಂದು ಖುಷಿಯಾಯಿತು. ಖುಷಿ ಹಾರೋಹಳ್ಳಿಯವರೆಗೂ ಉಳಿಯಲಿಲ್ಲ.

ಮಧ್ಯಾಹ್ನ ಮನೆಗೆ ಹೋದ ಮೇಲೆ ಸ್ನಾನ ಮಾಡಿ ಎಂದೆ. ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಮಾತ್ರ. ಮಧ್ಯಾಹ್ನ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು, ಹಾಲು ಕರೆದು ಡೇರಿಗೆ ಹಾಕಬೇಕು ಎಂದರು. ಹಾಗಾದರೆ ಗುರುವಾರ ಸಂಜೆ ಕೆಲಸವೆಲ್ಲ ಮುಗಿದ ಮೇಲೆ? “ಅದ್ನ ನಮ್ಮತ್ತೇನೇ ಕೇಳವ್ವ” ಎಂದಳು ದೊಡ್ಡಕ್ಕ. ಶಿಫ್ಟು ಮುಗಿದ ಮೇಲೆ ನನ್ನನ್ನು ತನ್ನ ಮನೆಗೇ ಕರೆದೊಯ್ದು ಅತ್ತೆಯ ಮುಂದೆ ಕೂರಿಸಿದಳು. ಮುದುಕಿ ರಾಗಿ ಕೇರುತ್ತಿದ್ದ ಮೊರ ಕೆಳಗಿಡಲಿಲ್ಲ.

“ದೀಪ ಹಚ್ಚಿದ್ ಮ್ಯಾಲೆ ಹೆಣ್ಮಕ್ಳು ತಲೆ ಬಿಚ್ಕೊಂಡು ಕುಂತ್ರೆ ಲಕ್ಸ್ಮಿ ಒಳೀಕ್ ಬತ್ತಾಳೇನವ್ವ? ನೀನ್ ಬಾಚ್ತೀಯಾ ನಿನ್ ಮನೇಲಿ?”

ಇಲ್ಲ. ನಾನೂ ಬಾಚುವುದಿಲ್ಲ. ಪಾರ್ಲರಿನಲ್ಲಿ ಸಂಜೆ ದೀಪ ಹಚ್ಚಿದ ಮೇಲೂ ಯಾರ ಯಾರ ತಲೆಯನ್ನೋ ಬಾಚುತ್ತೇನೆ. ನನ್ನ ತಲೆಯನ್ನು ಮಾತ್ರ ಮುಟ್ಟುವುದಿಲ್ಲ. ಅವಳಿಗೆ ಸುಳ್ಳು ಹೇಳಲಾಗದೆ ಕಾಫಿ ಕುಡಿದು ಎದ್ದು ಬಂದೆ.

ಫ್ಯಾಕ್ಟರಿಯಲ್ಲೇ ಒಂದು ಮೂಲೆ ಕೊಡಿ, ಒಣಗಿಸಿ ಬಾಚಿಕೊಂಡು ಟೋಪಿ ಹಾಕುತ್ತಾರೆ ಎಂದು ಮೇಡಂಗೆ ಕೇಳಿದೆ. ಶಿಫ್ಟಿಗೆ ಬರುವವರು ಟೋಪಿ ಹಾಕಿಕೊಂಡೇ ಗೇಟಿನೊಳಗೆ ಬರಬೇಕು ಎಂದರು. “ಅದು ನನ್ನ ರೂಲ್ ಅಲ್ಲ. ನನಗೂ ಮೇಲೆ ಇದಾರೆ.” ಮನೆಯಲ್ಲಿ ಹೊತ್ತಿಲ್ಲ, ಸಂಜೆ ಶಾಸ್ತ್ರ ಬಿಡುವುದಿಲ್ಲ, ಫ್ಯಾಕ್ಟರಿಯಲ್ಲಿ ಜಾಗವಿಲ್ಲ. ಎಲ್ಲ ಬಾಗಿಲೂ ತಟ್ಟಿದ್ದಾಗಿತ್ತು. ಹಬ್ಬದ ಆರ್ಡರಿನ ಪ್ಯಾಕಿಂಗ್ ಶುರುವಾಗಿತ್ತು. ಮೇಡಂ ಕೊಟ್ಟ ಸಮಯವನ್ನು ನಾನು ಹೆಂಗಸರಿಗಾಗಿ ಪಡೆದೆನೋ, ನನ್ನ ಕೊರಳಿಗೆ ಕಟ್ಟಿಕೊಂಡೆನೋ ತಿಳಿಯದಾಯಿತು.

ಮಾತು ತೆಗೆದದ್ದು ಗಂಡ. ಬಸ್ಸು ತೊಳೆಯುತ್ತಾ, “ಗೇಟ್ ತೆಗ್ಯೋಗಂಟ ಅವ್ರು ಸೀಟ್‌ನಾಗೆ ತೂಕಡಿಸ್ಕೊಂಡ್ ಕುಂತಿರ್ತಾರೆ. ಆವಾಗ್ ಬಾಚ್ಕಳ್ಳಿ ಅನ್ನು. ಕೂದ್ಲು ಮಾತ್ರ ನನ್ ಗಾಡೀಲ್ ಬುಟ್ಟೋಗ್ಬಾರ್ದು” ಎಂದ. ಅವನು ಅದನ್ನು ಬೇಸರದಲ್ಲೇ ಹೇಳಿದ. ನನಗೆ ಅಷ್ಟೇ ಸಾಕಿತ್ತು.

ಮುಂದಿನ ಶುಕ್ರವಾರ ಮತ್ತೆ ಬಸ್ಸು ಹತ್ತಿದೆ. ಟವೆಲಿನ ಬದಲು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಕೂದಲನ್ನು ಉಜ್ಜದೆ ಒತ್ತಿ ಒತ್ತಿ ನೀರು ತೆಗೆಸಿದೆ. ದಾರಿಯುದ್ದಕ್ಕೂ ಕಿಟಕಿ ಅರ್ಧ ತೆರೆದು, ತಲೆ ಬಿಚ್ಚಿಕೊಂಡು ಕೂರಲು ಹೇಳಿದೆ. ಮೊದಲು ಯಾರೂ ಒಪ್ಪಲಿಲ್ಲ. “ದಾರೀಲ್ ಯಾರಾರ ನೋಡುದ್ರೆ ಮೋಹಿನಿ ಗಾಡಿ ಓಯ್ತಾ ಐತೆ ಅಂತ ಹೆದರ್ಕೊಂಡ್ ಸಾಯ್ತಾರೆ” ಎಂದು ದೊಡ್ಡಕ್ಕ ಅಂದದ್ದೇ ಬಸ್ಸಿನ ತುಂಬ ನಗು. ನಗುತ್ತಲೇ ಅವಳು ತುರುಬು ಬಿಚ್ಚಿದಳು. ಫ್ಯಾಕ್ಟರಿಯ ಮುಂದೆ ಬಸ್ಸು ನಿಂತಾಗ ಹಿಂದಿನ ಸೀಟುಗಳ ಮೇಲೆ ಬಟ್ಟೆ ಹಾಸಿ, ಹಲ್ಲು ಅಗಲವಿರುವ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿದೆವು. ಉದುರಬೇಕಾದದ್ದು ಬಟ್ಟೆಯ ಮೇಲೇ ಉದುರಿತು. ಸಡಿಲ ಜಡೆ, ಬಟ್ಟೆ ಪಟ್ಟಿ, ಬಲೆ, ಟೋಪಿ. ಉಳಿದ ದಿನಗಳಲ್ಲೂ ಅಲ್ಲೇ ಬಾಚುವುದು ರೂಢಿಯಾಯಿತು. ಭಾನುವಾರ ರಜೆಯಲ್ಲಿ ಎಣ್ಣೆ ಹಚ್ಚಿ, ಬಿಸಿಲಿನಲ್ಲಿ ಒಣಗಿಸಿಕೊಳ್ಳುವುದು. ಬರಬರುತ್ತ ತುಂಡುಗಳು ಕಡಿಮೆಯಾದವು. ಲೈನಿನಲ್ಲಿ ಕೂದಲು ಸಿಕ್ಕಿತೆಂಬ ಮಾತು ನಿಂತಿತು.

ಬಾಣಂತಿ ಹುಡುಗಿಯ ತಲೆಯನ್ನು ನಾನೇ ಬಾಚುತ್ತಿದ್ದೆ. ಪ್ರತಿ ಸಲವೂ ಬಟ್ಟೆಯ ಮೇಲೆ ಅವಳದೇ ಗುಪ್ಪೆ ದೊಡ್ಡದು. ಅವಳು ಅದನ್ನು ನೋಡದೆ ಬೇಗ ಮಡಚಿ ಎತ್ತಿಕೊಳ್ಳುತ್ತಿದ್ದಳು.

ಹಬ್ಬದ ಆರ್ಡರ್ ಹೊರಡುವ ಮುಂಚೆ ಮೇಡಂ ಕರೆಸಿದರು. ಕ್ಯಾಂಟೀನಿನಲ್ಲಿ ಮತ್ತೆ ಅದೇ ಸಾಲು ಕೂತಿತ್ತು. ಮೇಜಿನ ಮೇಲೆ ಬಿಳಿ ಕಾಗದ, ಅದರ ಮೇಲೆ ಒಂದು ಕೂದಲು. ಪ್ಯಾಕ್ ಮಾಡುವ ತಟ್ಟೆಯಲ್ಲಿ ಸಿಕ್ಕಿದ್ದಂತೆ.

“ಇದು ಮುರಿದಿದ್ದಲ್ಲ. ಬುಡದಲ್ಲಿ ಬಿಳಿ ಗಂಟಿದೆ, ನೀವೇ ತೋರಿಸಿಕೊಟ್ಟಿದ್ರಲ್ಲ. ಮುರಿಯೋದು ನಿಂತಿದೆ, ಒಪ್ತೀನಿ. ಇದು ಯಾರದು ಹೇಳಿ. ಹೇಳಲ್ಲ ಅಂದ್ರೆ ಎಲ್ಲರದ್ದೂ ಕಟ್ ಮಾಡೋಣ.”

ನಾನು ಕಲಿಸಿದ ವಿದ್ಯೆ ಆ ಹುಡುಗಿಯ ಕಡೆಗೇ ಬೆರಳು ತೋರಿಸುತ್ತಿತ್ತು. ಹೆಸರು ಹೇಳಿದರೆ ಅವಳೊಬ್ಬಳ ಕೆಲಸ ಹೋಗುತ್ತದೆ, ಹೇಳದಿದ್ದರೆ ಎಲ್ಲರ ಜಡೆಯೂ ಹೋಗುತ್ತದೆ. ಬುಡದಿಂದ ಕಳಚುವ ಕೂದಲು ಎಲ್ಲರ ತಲೆಯಲ್ಲೂ ಇರುತ್ತದೆ, ಒಂದು ಎಳೆ ನೋಡಿ ಯಾರದೆಂದು ಹೇಳಲಾಗುವುದಿಲ್ಲ ಎಂದೆ. ಅದು ನಿಜವೂ ಹೌದು. ಆದರೂ ನನ್ನ ದನಿ ನನಗೇ ಸುಳ್ಳಿನಂತೆ ಕೇಳಿತು.

ಅವಳೇ ಎದ್ದು ನಿಂತಳು. “ನಂದೇ ಇರ್ಬೇಕು ಮೇಡಂ. ನಂದೊಂದೇ ಕತ್ತರಿಸ್ಬುಡಿ. ಅವ್ರಿಗ್ಯಾಕೆ?”

“ನಾನು ಕತ್ತರಿಸಲ್ಲ” ಎಂದೆ. ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. ಹೊರಗೆ ಗಂಡನ ಬಸ್ಸು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. “ಕತ್ತರಿಸಿದ್ರೂ ಇವಳದ್ದು ಉದುರುತ್ತೆ ಮೇಡಂ. ಒಳಗಿಂದ ಉದುರ್ತಾ ಇರೋದು. ಇದು ನಿಲ್ಲೋವರೆಗೆ ತಿಂಡಿ ತೆರೆದಿರೋ ಕಡೆಯಿಂದ ಬೇರೆ ಕಡೆ ಹಾಕಿ. ಹೆರಿಗೆ ಆದೋರು, ಜೋರು ಜ್ವರದಿಂದ ಎದ್ದೋರು, ಎಲ್ಲರಿಗೂ ಹಾಗೇ ಮಾಡಿ.”

“ಬೇರೆ ಕಡೆ ಅಂದ್ರೆ ಪೆಟ್ಟಿಗೆ ಹೊರೋ ಕಡೆ ಒಂದೇ ಖಾಲಿ ಇರೋದು. ಆಪರೇಷನ್ ಹೆರಿಗೆ ಆದೋಳು ಹೊರ್ತಾಳಾ?” ಎಂದರು ಮೇಡಂ. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಅವರಿಗೂ ದಾರಿ ಬೇಕಿತ್ತು.

ಬೆಂಚಿನ ತುದಿಯಿಂದ ದೊಡ್ಡಕ್ಕ ಮೇಜು ಹಿಡಿದುಕೊಂಡು ಎದ್ದಳು. ಮಂಡಿ ನೋವೆಂದು ಅವಳಿಗೆ ಆ ವರ್ಷ ಕೂತು ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟಿದ್ದರು.

“ಅವ್ಳು ನನ್ ಜಾಗ್ದಾಗ್ ಕುಂತ್ಕಳ್ಳಿ. ನಾನ್ ಲೈನಿಗೆ ಓಯ್ತೀನಿ.”

“ಶಿಫ್ಟ್ ಪೂರ್ತಿ ನಿಲ್ಲಬೇಕು, ಆಗುತ್ತಾ?”

“ಅದ್ ನನ್ ಮಂಡಿ ಸಮಾಚಾರ ಮೇಡಂ.”

ಹಾಗೆಯೇ ತೀರ್ಮಾನವಾಯಿತು. ಆರ್ಡರ್ ಹೊರಟಿತು. ಯಾರ ಜಡೆಯೂ ಹೋಗಲಿಲ್ಲ. ಆದರೆ ಕೂದಲು ಕತ್ತರಿಸಬೇಕೆಂದು ಬೋರ್ಡಿಗೆ ಅಂಟಿಸಿದ್ದ ನೋಟೀಸನ್ನು ತೆಗೆಯಲಿಲ್ಲ. ಪ್ರತಿ ಶುಕ್ರವಾರ ನಾನು ಬಂದು ತಲೆ ನೋಡಬೇಕು, ಒಂದು ಎಳೆ ಸಿಕ್ಕರೂ ನಾನೇ ಜವಾಬ್ದಾರಿ ಎಂದು ಮೇಡಂ ಹೇಳಿದರು. ನನಗೆ ಗೆದ್ದೆ ಅನ್ನಿಸಲೇ ಇಲ್ಲ. ಬಸ್ಸಿನ ಮೆಟ್ಟಿಲಿಳಿಯುವಾಗ ದೊಡ್ಡಕ್ಕ ಸರಳು ಹಿಡಿದು ಒಂದೊಂದೇ ಕಾಲು ಇಡುತ್ತಿದ್ದಳು. ಕೂದಲು ಉಳಿಸುವ ಭಾರವನ್ನೆಲ್ಲ ಕೊನೆಗೆ ಅವಳ ಮಂಡಿಯ ಮೇಲೆ ಹೇರಿಬಿಟ್ಟೆನಲ್ಲ ಎಂದು ಅವಳ ಹಿಂದೆ ಇಳಿಯುವಾಗಲೆಲ್ಲ ಅನ್ನಿಸುತ್ತಿತ್ತು.

ಹುಡುಗಿಗೂ ಅದೇ ಸಂಕಟ. ಮಾತ್ರೆ ತಪ್ಪಿಸುತ್ತಿರಲಿಲ್ಲ. ಮನೆಯಲ್ಲಿ ಬಾಣಂತನದ ಪಥ್ಯವೆಂದು ನಿಲ್ಲಿಸಿದ್ದ ಸೊಪ್ಪು, ಮೊಟ್ಟೆ ಎಲ್ಲವನ್ನೂ ಡಾಕ್ಟರ ಮಾತು ಹೇಳಿ ತಿನ್ನತೊಡಗಿದ್ದಳು. ಮಳೆಗಾಲ ಕಳೆದು ಚಳಿ ಹಿಡಿಯುವ ಹೊತ್ತಿಗೆ ಗುಪ್ಪೆ ಚಿಕ್ಕದಾಗುತ್ತ ಬಂತು. ಒಂದು ಶುಕ್ರವಾರ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡಳು.

“ಇವತ್ತೇ ಮೇಡಂಗೆ ಹೇಳ್ಬುಡಿ ಅಕ್ಕ, ನಾನ್ ಲೈನಿಗ್ ಓಯ್ತೀನಿ. ದೊಡ್ಡಕ್ಕನ ಮಂಡಿ ಬಾತ್ಕೊಂಡೈತೆ. ರಾತ್ರಿಯೆಲ್ಲ ನಿದ್ದೆ ಮಾಡಕಿಲ್ವಂತೆ.”

ನಿಧಾನವಾಗಿ ನೋಡಿದೆ. ನೆತ್ತಿ, ಕಿವಿಯ ಮೇಲೆ, ಕತ್ತಿನ ಹಿಂದೆ. ಬೆರಳಾಡಿಸಿದಾಗ ಒಂದೆರಡು ಎಳೆ ಬಂದವು, ಗುಪ್ಪೆಯಾಗಿ ಬರಲಿಲ್ಲ. ಪೂರ್ತಿ ನಿಂತಿದೆ ಎನ್ನಲು ಇನ್ನೂ ಸ್ವಲ್ಪ ದಿನ ಬೇಕಿತ್ತು. ಅವಸರ ಮಾಡಿ ಒಂದು ಕೂದಲು ತಟ್ಟೆಗೆ ಬಿದ್ದರೆ ಎಲ್ಲರ ಜಡೆಯೂ ಹೋಗುತ್ತದೆ. ಕಾಯೋಣವೆಂದರೆ ಕಾಯಬೇಕಾದವಳು ದೊಡ್ಡಕ್ಕ. ಸುರಕ್ಷಿತವಾದ ಉತ್ತರ ನನಗೆ ಗೊತ್ತಿತ್ತು. ಅದನ್ನು ಹೇಳಲು ಮನಸ್ಸಾಗಲಿಲ್ಲ.

ಆಗಲೇ ಅವಳ ಹಣೆಯ ಅಂಚು ಕಣ್ಣಿಗೆ ಬಿತ್ತು. ಮುರಿದ ತುಂಡಿನ ತುದಿ ಮೊಂಡಾಗಿರುತ್ತದೆ. ಇಲ್ಲಿದ್ದ ಗಿಡ್ಡ ಕೂದಲುಗಳು ತುದಿಯಲ್ಲಿ ಸೂಜಿಯಂತೆ ಸಣ್ಣಗಿದ್ದವು. ಹೊಸದಾಗಿ ಹುಟ್ಟಿದವು. ಅವಳ ಬೆರಳನ್ನು ಹಿಡಿದು ಅಲ್ಲಿಗೆ ಒತ್ತಿದೆ.

“ಚುಚ್ತದೆ ಅಕ್ಕ!” ಎಂದಳು.

“ಸೋಮವಾರದಿಂದ ಲೈನಿಗೆ ಹೋಗು. ನಾನು ಹೇಳ್ತೀನಿ.”

ಮೇಡಂ ಒಂದೇ ಒಂದು ಪ್ರಶ್ನೆ ಕೇಳಿದರು: “ಗ್ಯಾರಂಟಿನಾ?” ಹೌದೆಂದೆ. ಆ ವಾರವಿಡೀ ಫೋನ್ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಪಾರ್ಲರಿನಲ್ಲಿ ಹುಬ್ಬು ತಿದ್ದುವಾಗ ಗಮನ ತಪ್ಪಿ ಒಬ್ಬರ ಹತ್ತಿರ ಬೈಸಿಕೊಂಡೆ. ಫ್ಯಾಕ್ಟರಿಯಿಂದ ಕರೆ ಬರಲಿಲ್ಲ. ಆಮೇಲಿನ ವಾರವೂ ಬರಲಿಲ್ಲ.

ಆ ಶುಕ್ರವಾರ ಶಿಫ್ಟು ಮುಗಿದ ಮೇಲೆ ತಲೆ ನೋಡಲು ಹೋದಾಗ ಚೀಟಿ ಅಂಟಿಸುವ ಮೇಜಿನ ಹತ್ತಿರ, ತನ್ನ ಹಳೆಯ ಜಾಗದಲ್ಲಿ ದೊಡ್ಡಕ್ಕ ಇನ್ನೂ ಕೂತಿದ್ದಳು. ಎಲ್ಲರೂ ಹೊರಟಿದ್ದರು. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಏಳಲು ಆಗುತ್ತಿಲ್ಲವೇನೋ ಎಂದು ಹೆದರಿ ಓಡಿ ಹೋಗಿ ಕೈ ಚಾಚಿದೆ.

“ಒಸಿ ತಡಿಯವ್ವ” ಎಂದಳು ಅವಳು, ಎರಡೂ ಕಾಲನ್ನು ಮುಂದಕ್ಕೆ ನೀಡಿಕೊಂಡು. “ಸುಮ್ಕೆ ಕುಂತಿವ್ನಿ.”